ನಿರ್ಮಮತೆಯೂ ನವೀಕರಣವೂ

ಲೋಕದಲ್ಲಿ ಯಾವುದೂ ತನ್ನದಲ್ಲವೆಂದು ತಿಳಿದವನು ಯಾವುದನ್ನಾದರೂ ಜೋಪಾನವಾಗಿ ಕಾಪಾಡುವುದಕ್ಕೆ ಕಾರಣವೇನು ಎಂಬ ಪ್ರಶ್ನೆ ನಮ್ಮ ಧರ್ಮವಿಚಾರದಲ್ಲಿ ಬಹಳ ಹಳೆಯದು. ಮಮಕಾರವನ್ನು ಬಿಡೆಂದು ಬೋಧಿಸುವ ಶಾಸ್ತ್ರವೇ ಕರ್ತವ್ಯವನ್ನು ಬಿಡಬೇಡವೆಂದೂ ಬೋಧಿಸುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದ ಗೃಹಸ್ಥನಿಗಾದರೋ, ನನ್ನದೆಂಬ ಅಕ್ಕರೆಯೇ ಇಲ್ಲದೆಡೆಯಲ್ಲಿ ಕಾಯುವ ಶ್ರದ್ಧೆ ಎಲ್ಲಿಂದ ಹುಟ್ಟೀತೆಂಬ ಸಂದೇಹವು ಉಳಿದೇ ಇರುತ್ತದೆ. ಹೊಲ ಮನೆ ಒಡವೆಗಳನ್ನು ಮುಂದಿಟ್ಟುಕೊಂಡು ಈ ಸಂದೇಹವನ್ನು ಪರೀಕ್ಷಿಸುವುದು ಕಷ್ಟ. ಅವು ನಮ್ಮವಲ್ಲವೆಂದು ವೇದಾಂತವು ಎಷ್ಟು ಸಾರಿ ಹೇಳಿದರೂ ಪಹಣಿಯಲ್ಲಿಯೂ ಖಾತೆಯಲ್ಲಿಯೂ ನಮ್ಮ ಹೆಸರು ಇದ್ದೇ ಇರುತ್ತದೆ, ಮನಸ್ಸು ಅದನ್ನು ನೋಡಿಕೊಂಡು ಒಳಗೊಳಗೇ ನಗುತ್ತದೆ. ಆದರೆ ವೇದಾಂತದ ನೆರವನ್ನು ಬೇಡದೆ, ಬರಿಯ ವ್ಯವಹಾರನಿಯಮದಿಂದಲೇ, ಯಾರೊಬ್ಬರದೂ ಅಲ್ಲವೆಂದು ನಿಶ್ಚಿತವಾಗಿರುವ ಒಂದು ವಸ್ತು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಅಂತರ್ಜಾಲದಲ್ಲಿ ಜನರು ಡೊಮೇನ್ ಎಂದು ಕರೆಯುವ ಹೆಸರು ಆ ವಸ್ತು. ಸ್ವತ್ವವಿಲ್ಲದೆಡೆಯಲ್ಲಿ ಜವಾಬ್ದಾರಿಯು ಹೇಗೆ ನಿಲ್ಲುತ್ತದೆಂಬುದನ್ನು ಕಾಣಬಯಸುವವರಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯುವುದು ಕಠಿನ.

ಇದನ್ನು ಮಾರುವವರೇನೋ ಡೊಮೇನ್ ಕೊಳ್ಳಿರೆಂದೇ ಜಾಹೀರಾತು ಕೊಡುತ್ತಾರೆ. ಪಡೆದವರೂ ನಮ್ಮ ಸಂಘಕ್ಕೊಂದು ಡೊಮೇನ್ ತೆಗೆದುಕೊಂಡೆವೆಂದೇ ಹೇಳಿಕೊಳ್ಳುತ್ತಾರೆ. ವಸ್ತುತಃ ಅಲ್ಲಿ ಕ್ರಯವೆಂಬುದು ನಡೆಯುವುದೇ ಇಲ್ಲ. ಒಂದು ವರ್ಷಕ್ಕೆ ಕಡಮೆಯಾಗದಂತೆ, ಹತ್ತು ವರ್ಷಕ್ಕೆ ಮೀರದಂತೆ, ಆ ಹೆಸರನ್ನು ಬಳಸುವ ಅನುಮತಿಯನ್ನಷ್ಟೇ ರಿಜಿಸ್ಟ್ರಾರ್ ಎಂಬ ಮಧ್ಯವರ್ತಿಯು ಕೊಡುತ್ತಾನೆ. ಅವನಿಗೂ ಅದು ಸ್ವಂತವಲ್ಲ. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರವನ್ನಿಟ್ಟುಕೊಂಡಿರುವ ವೆರಿಸೈನ್ ಸಂಸ್ಥೆಯಿಂದಲೋ, ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಮ್ಮ ದೇಶದ ನಿಕ್ಸಿ ಸಂಸ್ಥೆಯಿಂದಲೋ ಅವನು ಪಡೆದು ಕೊಡತಕ್ಕವನು. ಆ ಸಂಸ್ಥೆಗಳೂ ಒಡೆಯರಲ್ಲ, ಮೇಲಿನವರೊಡನೆ ಮಾಡಿಕೊಂಡ ವ್ಯವಸ್ಥೆಯ ಮೇಲೆ ನಿಂತವರು. ದಕ್ಷಿಣ ಕನ್ನಡದ ಹಳೆಯ ಭೂವ್ಯವಹಾರವನ್ನು ಬಲ್ಲವರಿಗೆ ಇದರ ಸ್ವರೂಪವು ಬೇಗ ತಿಳಿದೀತು. ಅಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯಿದ್ದಿತು. ತಲೆಮಾರಿನಿಂದ ತಲೆಮಾರಿಗೆ ನಿಲ್ಲುವ ಒಕ್ಕಲುತನ ಮೊದಲನೆಯದು, ವರ್ಷವರ್ಷವೂ ಮುಂದುವರಿಯಬೇಕಾದುದು ಎರಡನೆಯದು. ಡೊಮೇನಿನ ಒಕ್ಕಲುತನವು ಈ ಎರಡರ ನಡುವೆ ಎಲ್ಲಿಯೋ ಇದೆ: ಗೇಣಿಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸುವವನನ್ನು ಸುಮ್ಮಸುಮ್ಮನೆ ಒಕ್ಕಲೆಬ್ಬಿಸುವ ಹಾಗಿಲ್ಲ, ಗಡುವು ಮೀರಿದವನಿಗೆ ತಾತನ ಕಾಲದ ಸ್ವಾಧೀನವೂ ರಕ್ಷೆಯಾಗುವುದಿಲ್ಲ. 1974ರ ಭೂಸುಧಾರಣೆಯಿಂದ ನಮ್ಮಲ್ಲಿ ಉಳುವವನೇ ಹೊಲದೊಡೆಯನಾದನು. ಈ ಕ್ಷೇತ್ರದಲ್ಲಿ ಅಂತಹ ಕಾನೂನು ಬಂದಿಲ್ಲ, ಬರುವ ಸೂಚನೆಯೂ ಇಲ್ಲ.

ಹೆಸರುಗಳಿಗೆ ಈ ಸ್ಥಿತಿಯು ಯಾರೋ ವ್ಯಾಪಾರಿಗಳ ಕುಯುಕ್ತಿಯಿಂದ ಬಂದುದೆಂದು ಭಾವಿಸುವುದು ಸರಿಯಲ್ಲ. ಮೊದಮೊದಲು ಜಾಲದಲ್ಲಿದ್ದ ಯಂತ್ರಗಳು ಬೆರಳೆಣಿಕೆಯಷ್ಟಾಗಿದ್ದಾಗ ಅವುಗಳ ಹೆಸರೂ ಅಂಕೆಗಳೂ ಸೇರಿದ ಒಂದೇ ಪಟ್ಟಿಯು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ, ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿದ್ದಿತು. ಹೊಸ ಹೆಸರು ಬೇಕಾದವರು ಕಚೇರಿಯ ವೇಳೆಯಲ್ಲಿ ಅಲ್ಲಿಗೆ ತಿಳಿಸಿ ಬರೆಯಿಸಿಕೊಳ್ಳಬೇಕಾಗಿದ್ದಿತು. ಪಟ್ಟಿಯು ಒಬ್ಬರ ಕೈಗೆ ಮೀರಿ ಬೆಳೆದಾಗ, 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಎಂಬ ವಿದ್ವಾಂಸನು ಹೆಸರುಗಳ ಭಾರವನ್ನು ಶಾಖೋಪಶಾಖೆಯಾಗಿ ಹಂಚುವ ವಿಧಾನವೊಂದನ್ನು ರಚಿಸಿದನು. ಇಂದಿಗೂ ನಡೆಯುತ್ತಿರುವ ಡಿಎನ್‌ಎಸ್ ಎಂಬುದು ಅದೇ. ಅವನ ಸಹೋದ್ಯೋಗಿಯಾದ ಜಾನ್ ಪೋಸ್ಟೆಲ್ ಎಂಬವನ ಮಾತು ಇಲ್ಲಿ ನಮಗೆ ಮುಖ್ಯ. ನೀಳವಾದ ಗಡ್ಡ, ಕಾಲಿಗೆ ಸ್ಯಾಂಡಲ್, ಬಹಳ ಸರಳವಾದ ಉಡುಗೆ. ಜಾಲದ ಅಂಕೆಗಳನ್ನೂ ಮೇಲಿನ ಹಂತದ ಹೆಸರುಗಳನ್ನೂ ಯಾರಿಗೆ ಒಪ್ಪಿಸಬೇಕೆಂಬುದನ್ನು ಅನೇಕ ವರ್ಷಗಳ ಕಾಲ ನಿರ್ಣಯಿಸುತ್ತಿದ್ದ ಮನುಷ್ಯ ಅವನು. ಜಾಲಕ್ಕೊಬ್ಬ ದೇವರಿದ್ದರೆ ಅವನೇ ಇರಬೇಕೆಂದು ಇಂಗ್ಲೆಂಡಿನ ಪತ್ರಿಕೆಯೊಂದು ವಿನೋದವಾಗಿ ಬರೆದುದುಂಟು.

1994ರ ಮಾರ್ಚಿನಲ್ಲಿ ಆತನು ಪ್ರಕಟಿಸಿದ ಒಂದು ಚಿಕ್ಕ ಲೇಖ್ಯದಲ್ಲಿ, ದೇಶದೇಶಗಳ ಹೆಸರುಗಳನ್ನು ವಹಿಸಿಕೊಂಡವರು ನಡೆದುಕೊಳ್ಳಬೇಕಾದ ಕ್ರಮವನ್ನು ವಿವರಿಸುತ್ತ, ಹೆಸರಿನ ವಿಷಯದಲ್ಲಿ ಹಕ್ಕು, ಒಡೆತನ ಎಂಬ ಚಿಂತೆಯೇ ಅಪ್ರಸ್ತುತವೆಂದೂ, ಹೊಣೆ ಮತ್ತು ಸಮುದಾಯಸೇವೆಗಳ ಚಿಂತೆಯೇ ಉಚಿತವೆಂದೂ ಅವನು ಹೇಳಿದನು. ತಂತ್ರಜ್ಞರಿಗಾಗಿ ಬರೆದ ಶುಷ್ಕ ಪತ್ರದಲ್ಲಿ ಈ ಅಭಿಪ್ರಾಯವನ್ನು ಕಂಡಾಗ ನಮ್ಮವರಿಗೆ ನೆನಪಾಗಬೇಕಾದುದು, ಎಲ್ಲವೂ ಈಶನದು, ಯಾರ ಧನಕ್ಕೂ ಆಸೆಪಡಬೇಡವೆನ್ನುವ ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರ. ಗಾಂಧೀಜಿಯವರು 1937ರ ಜನವರಿಯಲ್ಲಿ ತಿರುವಾಂಕೂರಿನಲ್ಲಿ ಸಂಚರಿಸುತ್ತಿದ್ದಾಗ ಸಭೆಯಿಂದ ಸಭೆಗೆ ಆ ಮಂತ್ರವನ್ನೇ ವ್ಯಾಖ್ಯಾನಿಸಿದರು. ಧನಿಕನು ತನ್ನ ಧನಕ್ಕೆ ಧರ್ಮದರ್ಶಿಯೇ ಹೊರತು ಸ್ವಾಮಿಯಲ್ಲವೆಂಬ ತಮ್ಮ ಮತಕ್ಕೆ ಅದನ್ನು ಆಧಾರವಾಗಿ ಹಿಡಿದರು. ಪೋಸ್ಟೆಲನು ಉಪನಿಷತ್ತನ್ನು ಓದಿ ಬರೆದನೆಂದು ನಾನು ಸೂಚಿಸುತ್ತಿಲ್ಲ. ಹಾಗೆ ಎಲ್ಲವನ್ನೂ ನಮ್ಮ ಗ್ರಂಥಗಳಿಂದ ಹೊರಡಿಸುವ ಚಾಪಲ್ಯದಿಂದ ಯಾರಿಗೂ ಉಪಕಾರವಾಗಿಲ್ಲ. ಅನೇಕರಿಗೆ ಸೇರಿದ ವಸ್ತುವೊಂದನ್ನು ದೀರ್ಘಕಾಲ ಪ್ರಾಮಾಣಿಕವಾಗಿ ನೋಡಿಕೊಂಡವನು, ತತ್ತ್ವದ ದಾರಿಯಿಂದ ಬರಲಿ ಕೆಲಸದ ದಾರಿಯಿಂದ ಬರಲಿ, ಸೇರುವ ನೆಲೆ ಒಂದೇ ಆಗಿರುವುದು ನನಗೆ ವಿಚಾರಾರ್ಹವಾಗಿ ತೋರುತ್ತದೆ.

ಮಮಕಾರವು ಒಳಹೊಕ್ಕುದು ಹಣದೊಡನೆ. 1995ರ ಸೆಪ್ಟೆಂಬರಿನವರೆಗೆ ಹೆಸರಿಗೆ ಶುಲ್ಕವೇ ಇರಲಿಲ್ಲ. ಆಗ ಎರಡು ವರ್ಷಗಳಿಗೆ 100 ಡಾಲರ್ ಎಂದು ಗೊತ್ತುಮಾಡಿದರು. ಕೊಟ್ಟ ಹಣಕ್ಕೆ ಪ್ರತಿಯಾಗಿ ಒಂದು ವಸ್ತುವನ್ನು ಕೊಂಡೆನೆಂಬ ಭಾವನೆಯು ಮನುಷ್ಯನಲ್ಲಿ ತಾನಾಗಿ ಹುಟ್ಟತಕ್ಕದ್ದೇ. ಒಳ್ಳೊಳ್ಳೆಯ ಹೆಸರುಗಳನ್ನು ಮೊದಲೇ ಹಿಡಿದಿಟ್ಟು ಹೆಚ್ಚಿನ ಬೆಲೆಗೆ ಬಿಟ್ಟುಕೊಡುವ ವ್ಯಾಪಾರವೂ, ಅದರ ಹಿಂದೆ ವ್ಯಾಜ್ಯಗಳೂ, ವ್ಯಾಜ್ಯಗಳ ಇತ್ಯರ್ಥಕ್ಕೆ 1999ರಲ್ಲಿ ಒಂದು ನಿಯಮಾವಳಿಯೂ ಹುಟ್ಟಿದುವು.

ಹೆಸರು ನಮ್ಮದಲ್ಲವೆಂದ ಮೇಲೆ ಅದರ ಹಿಂದಿನ ರೂಪವಾದರೂ ನಮ್ಮದೇ ಎಂದು ಕೇಳಬಹುದು. ಒಂದು ಸಂಸ್ಥೆಯ ವೆಬ್‌ಸೈಟೆಂದು ನಾವು ನೋಡುವ ಬರೆಹ, ಚಿತ್ರ, ಪೂಜೆಯ ವೇಳಾಪಟ್ಟಿ ಮೊದಲಾದುವೆಲ್ಲ ಎಲ್ಲಿಯೋ ದೂರದ ಕಟ್ಟಡದಲ್ಲಿ, ಹಗಲಿರುಳೂ ತಣ್ಣಗೆ ಇಡಲ್ಪಟ್ಟ ಒಂದು ಯಂತ್ರದಲ್ಲಿ, ಬಾಡಿಗೆಯ ಮೇಲೆ ಇರುತ್ತವೆ. ಈ ಬಾಡಿಗೆಯ ವ್ಯವಸ್ಥೆಗೆ ಹೋಸ್ಟಿಂಗ್ ಎಂದು ಹೆಸರು. ಹೆಸರನ್ನು ಆ ಯಂತ್ರದ ಅಂಕೆಗೆ ಜೋಡಿಸುವ ಒಂದು ಸಾಲು ನೇಮ್‌ಸರ್ವರ್ ಎಂಬ ಇನ್ನೊಂದು ಯಂತ್ರದ ದಫ್ತರದಲ್ಲಿ ಇರುತ್ತದೆ. ಆ ಒಂದು ಸಾಲನ್ನು ತಿದ್ದಿದರೆ ಅದೇ ಹೆಸರು ಮತ್ತೊಂದು ದೇಶದ ಮತ್ತೊಂದು ಯಂತ್ರವನ್ನು ತೋರಿಸುತ್ತದೆ. ಯಂತ್ರ ಬದಲಾಯಿತು, ವಿನ್ಯಾಸ ಬದಲಾಯಿತು, ಬರೆದವರು ಹೋಗಿ ಬೇರೆಯವರು ಬಂದರು. ಆದರೂ ಅದೇ ಸೈಟು ಎನ್ನುತ್ತೇವೆ. ಮಿಲಿಂದ ರಾಜನನ್ನು ಬೌದ್ಧಭಿಕ್ಷುವಾದ ನಾಗಸೇನನು ರಥವೆಂಬುದು ಎಲ್ಲಿದೆಯೆಂದು ಕೇಳಿ, ಅಚ್ಚಿನಲ್ಲಿಯೂ ಇಲ್ಲ, ಗಾಲಿಯಲ್ಲಿಯೂ ಇಲ್ಲ, ನೊಗದಲ್ಲಿಯೂ ಇಲ್ಲವೆಂದು ಒಪ್ಪಿಸಿದ ಕ್ರಮದಲ್ಲಿ ಇದನ್ನೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ.

ನಾಮರೂಪಗಳ ಈ ಸಂಯೋಗವು ಅನಿತ್ಯವೆಂದು ಅರಿತವನಿಗೆ ವ್ಯವಹಾರದಲ್ಲಿಯೂ ಲಾಭವುಂಟು. ಅವನು ಡೊಮೇನನ್ನು ಒಬ್ಬರಲ್ಲಿಯೂ ಹೋಸ್ಟಿಂಗನ್ನು ಇನ್ನೊಬ್ಬರಲ್ಲಿಯೂ ಇಡುತ್ತಾನೆ. ಬಾಡಿಗೆಯ ವಿಷಯದಲ್ಲಿ ಮನಸ್ತಾಪ ಬಂದರೆ ಹೆಸರು ಒತ್ತೆಯಾಗುವುದಿಲ್ಲ. ಯಂತ್ರವನ್ನು ಬದಲಾಯಿಸಬೇಕಾದಾಗ ಅವನು ಆತುರಪಡುವುದಿಲ್ಲ. ನೇಮ್‌ಸರ್ವರಿನ ಆ ಸಾಲಿಗೆ ಟಿಟಿಎಲ್ ಎಂಬ ಕಾಲಾವಧಿಯೊಂದಿದೆ. ಊರೂರಿನ ಯಂತ್ರಗಳು ಹಳೆಯ ಉತ್ತರವನ್ನು ಅಷ್ಟು ಸೆಕೆಂಡುಗಳ ಕಾಲ ನೆನಪಿನಲ್ಲಿಟ್ಟುಕೊಂಡಿರುತ್ತವೆ. ಅದು 86400 ಇದ್ದರೆ, ಎಂದರೆ ಪೂರ್ತಿ ಒಂದು ದಿನ ಇದ್ದರೆ, ಬದಲಾವಣೆಗೆ ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ, ಹೊಸ ಯಂತ್ರದಲ್ಲಿ ಎಲ್ಲವನ್ನೂ ಸಿದ್ಧಪಡಿಸಿ ನೋಡಿ, ಆಮೇಲೆ ಸಾಲನ್ನು ತಿದ್ದಿ, ಹಳೆಯ ಯಂತ್ರವನ್ನು ಇನ್ನೂ ಕೆಲವು ದಿನ ನಡೆಯಗೊಡಬೇಕು. ಇಮೇಲಿನ ದಾರಿಯನ್ನು ಹೇಳುವ ಎಂಎಕ್ಸ್ ಸಾಲು ಬೇರೆ ಇರುತ್ತದೆ. ನೇಮ್‌ಸರ್ವರನ್ನೇ ಬದಲಾಯಿಸುವವರು ಅದನ್ನು ಮರೆತು, ಸೈಟು ಚೆನ್ನಾಗಿ ಬಂದಿತೆಂದು ಸಂತೋಷಪಡುತ್ತಿರುವಾಗ ಸಂಸ್ಥೆಯ ಅಂಚೆಯೆಲ್ಲ ನಿಂತುಹೋದ ಪ್ರಸಂಗಗಳು ಅಪರೂಪವಲ್ಲ.

ಇನ್ನು ಮುಖ್ಯವಾದ ಆಕ್ಷೇಪಣೆಗೆ ಬರೋಣ. ನನ್ನದಲ್ಲವೆಂದು ನಿಜವಾಗಿ ತಿಳಿದವನಿಗೆ ಇಷ್ಟೆಲ್ಲ ಎಚ್ಚರವೇಕೆ? ಮಿಥಿಲಾನಗರಿಯು ಉರಿಯುತ್ತಿದ್ದರೂ ತನ್ನದಾದುದು ಯಾವುದೂ ಸುಡುತ್ತಿಲ್ಲವೆಂಬ ಭಾವದ ಜನಕನ ಮಾತು ನಿರ್ಮಮತೆಯ ಪರಾಕಾಷ್ಠೆಯೆಂದು ಪ್ರಸಿದ್ಧವಾಗಿದೆಯಲ್ಲವೆ? ಜೈನರ ಉತ್ತರಾಧ್ಯಯನದಲ್ಲಿ ನಮಿರಾಜನ ಬಾಯಿಂದಲೂ ಬೌದ್ಧರ ಜಾತಕದಲ್ಲಿ ಮಹಾಜನಕನ ಬಾಯಿಂದಲೂ ಇಂತಹ ಮಾತೇ ಬರುತ್ತದೆ. ಆದರೆ ಆ ಇಬ್ಬರೂ ರಾಜ್ಯವನ್ನು ಬಿಟ್ಟು ಹೊರಟವರು. ಬಿಟ್ಟುಹೋದವನು ಹಾಗೆ ಹೇಳಿದರೆ ಅದು ಅವನ ಸ್ಥಿತಿಗೆ ಒಪ್ಪುತ್ತದೆ. ಮಹಾಭಾರತವು ಈ ಮಾತನ್ನು ಎಲ್ಲಿಟ್ಟಿದೆಯೆಂಬುದನ್ನು ನಮ್ಮ ಉಪನ್ಯಾಸಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಯುದ್ಧ ಮುಗಿದ ಮೇಲೆ ರಾಜ್ಯವು ಬೇಡವೆಂದು ಕಾಡಿಗೆ ಹೊರಡಬಯಸಿದ ಯುಧಿಷ್ಠಿರನು ಶಾಂತಿಪರ್ವದ ಆರಂಭದಲ್ಲಿ ಜನಕನ ಆ ಮಾತನ್ನು ಉದಾಹರಿಸುತ್ತಾನೆ. ಒಡನೆಯೇ ಅರ್ಜುನನು ಅದೇ ಜನಕನ ಇನ್ನೊಂದು ಕಥೆಯನ್ನೆತ್ತುತ್ತಾನೆ. ರಾಜ್ಯವನ್ನು ತೊರೆದು ಹಿಡಿ ಧಾನ್ಯದಿಂದ ಬದುಕುವೆನೆಂದು ಭಿಕ್ಷುವಾದ ಜನಕನನ್ನು ಅವನ ರಾಣಿಯು ಬಂದು ತರಾಟೆಗೆ ತೆಗೆದುಕೊಂಡ ಕಥೆ ಅದು. ಸಾವಿರಾರು ಮಂದಿಗೆ ಆಶ್ರಯವಾಗಿದ್ದವನು ಈಗ ಪರರ ಆಶ್ರಯವನ್ನು ಬಯಸುವುದು ಎಂತಹ ತ್ಯಾಗ, ಆ ಹಿಡಿ ಧಾನ್ಯದ ಮೇಲಾದರೂ ನಿನಗೆ ಆಸೆಯಿಲ್ಲವೆ ಎಂಬುದು ಅವಳ ಪ್ರಶ್ನೆಯ ಸಾರ. ವ್ಯಾಸರು ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ನಾವು ಒಂದನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೇವೆ.

ಮಿಥಿಲೆಯ ಬೆಂಕಿಯಂತಹುದೇ ಒಂದು ನಮ್ಮ ಕಾಲದಲ್ಲಿಯೂ ಎದ್ದಿತು. 2021ರ ಮಾರ್ಚ್ 10ರ ನಡುರಾತ್ರಿಯ ಬಳಿಕ ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್ ನಗರದಲ್ಲಿ, ಓವಿಹೆಚ್ ಎಂಬ ಹೋಸ್ಟಿಂಗ್ ಸಂಸ್ಥೆಯ ಐದಂತಸ್ತಿನ ಯಂತ್ರಾಗಾರವೊಂದು ಹೊತ್ತಿಕೊಂಡು ಸುಟ್ಟು ಬೂದಿಯಾಯಿತು. ಪಕ್ಕದ ಕಟ್ಟಡದ ಒಂದು ಭಾಗವೂ ಹಾಳಾಯಿತು. ಪ್ರಾಣಹಾನಿಯಾಗಲಿಲ್ಲವೆಂಬುದು ಪುಣ್ಯ. ಆದರೆ ಲಕ್ಷಾಂತರ ಸೈಟುಗಳು ಅಂದು ಕಾಣದಾದುವು. ತಮ್ಮ ಸಾಮಗ್ರಿಯ ಬ್ಯಾಕಪ್ಪನ್ನು ಬೇರೆಡೆಯಲ್ಲಿ ಇಟ್ಟಿದ್ದವರು ಕೆಲವು ದಿನಗಳಲ್ಲಿ ಎದ್ದು ನಿಂತರು, ನಕಲನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರಿಗೆ ಮೂಲದೊಡನೆ ನಕಲೂ ಹೋಯಿತು. ಅಂದಿನ ಬೆಳಗ್ಗೆ ಒಂದು ಸಂಸ್ಥೆಯ ಸೈಟನ್ನು ನೋಡಿಕೊಳ್ಳುತ್ತಿದ್ದವನೊಬ್ಬನು ಜನಕನಂತೆ, ಸುಟ್ಟುದರಲ್ಲಿ ತನ್ನದು ಯಾವುದೂ ಇಲ್ಲವೆಂದು ನಿಟ್ಟುಸಿರಿಲ್ಲದೆ ಹೇಳಿದ್ದರೆ ಅವನ ಮಾತು ಅಕ್ಷರಶಃ ಸತ್ಯವಾಗಿರುತ್ತಿದ್ದಿತು. ಯಂತ್ರ ಅವನದಲ್ಲ, ಹೆಸರು ಅವನದಲ್ಲ, ಸದಸ್ಯರ ಪಟ್ಟಿ ಅವನದಲ್ಲ, ಹದಿನೈದು ವರ್ಷಗಳಿಂದ ಇತರರು ಬರೆದು ಕೂಡಿಸಿದ ಲೇಖನಗಳೂ ಅವನವಲ್ಲ. ಅವನದಲ್ಲದ ಕಾರಣದಿಂದಲೇ ಅವನು ಉತ್ತರ ಕೊಡಬೇಕಾದವನಾಗಿದ್ದಾನೆ. ತನ್ನ ಸ್ವತ್ತನ್ನು ಸುಡಗೊಟ್ಟವನು ತನಗೊಬ್ಬನಿಗೆ ನಷ್ಟಮಾಡಿಕೊಂಡನು. ಪರರ ಸ್ವತ್ತನ್ನು ಸುಡಗೊಟ್ಟು ನಿರ್ಮಮತೆಯನ್ನು ನುಡಿಯುವವನು ಧರ್ಮಶಾಸ್ತ್ರದ ಯಾವ ಪ್ರಕರಣದಲ್ಲಿಯೂ ತಪ್ಪಿಸಿಕೊಳ್ಳಲಾರನು.

ಈ ಸಂದಿಗ್ಧಕ್ಕೆ ನಮ್ಮ ಕನ್ನಡನಾಡು ಕೊಟ್ಟಿರುವ ಉತ್ತರವು ಜನಕನದಕ್ಕಿಂತ ನನಗೆ ಹೆಚ್ಚು ಮೆಚ್ಚು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ರಾಜಧನವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಬಿಜ್ಜಳನು ಭಂಡಾರವನ್ನು ತೆರೆಯಿಸಿ ಎಣಿಸಿ ನೋಡಲಾಗಿ ಲೆಕ್ಕವು ಸರಿಯಾಗಿಯೇ ಇದ್ದಿತೆಂದು ಬಸವಪುರಾಣದ ಸಂಪ್ರದಾಯವು ಹೇಳುತ್ತದೆ. ಪುರಾಣವು ಅದನ್ನು ಪವಾಡವಾಗಿ ವರ್ಣಿಸಿರುವುದು ಸಹಜ. ಪವಾಡದ ಅಂಶವನ್ನು ಅವರವರ ನಂಬಿಕೆಗೆ ಬಿಟ್ಟು ನೋಡಿದರೂ ಕಥೆಯಲ್ಲಿ ಉಳಿಯುವ ತಿರುಳು ಬೆಲೆಯುಳ್ಳದ್ದು. ತನ್ನ ಕಾಯಕದ ಫಲವೂ ತನ್ನದಲ್ಲ, ದಾಸೋಹಕ್ಕೆ ಸಲ್ಲತಕ್ಕದ್ದು ಎಂದವರು ಆತ. ಅಂತಹ ನಿರ್ಮಮರ ಕೈಯಲ್ಲಿದ್ದ ಲೆಕ್ಕವೇ ಕಾಸೂ ವ್ಯತ್ಯಾಸವಿಲ್ಲದ ಲೆಕ್ಕ. ಲೆಕ್ಕ ಸರಿಯಿದ್ದುದು ವೈರಾಗ್ಯದ ಹೊರತಾಗಿ ಅಲ್ಲ, ವೈರಾಗ್ಯದ ಗುರುತಾಗಿ. ತನ್ನದೆಂದುಕೊಂಡವನು ತನ್ನ ಪೆಟ್ಟಿಗೆಯನ್ನು ಎಣಿಸದೆ ಇಟ್ಟಾನು, ಅದು ಅವನ ಇಷ್ಟ. ಭಂಡಾರಿಗೆ ಆ ಸ್ವಾತಂತ್ರ್ಯವಿಲ್ಲ.

ದೇವಸ್ಥಾನಗಳ, ಮಠಗಳ, ಊರ ಸಂಘಗಳ ವೆಬ್‌ಸೈಟುಗಳಲ್ಲಿ ಈ ಭಂಡಾರಿತನವು ಎಷ್ಟರಮಟ್ಟಿಗೆ ಕಾಣುತ್ತದೆಂದು ವಿಚಾರಿಸಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಹಿಂದೂ ದೇವರ ವಿಗ್ರಹವು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯೇ ಎಂಬುದು 1925ರಲ್ಲಿ ಪ್ರಿವಿ ಕೌನ್ಸಿಲ್ ಕಲ್ಕತ್ತೆಯ ಮಲ್ಲಿಕ್ ಕುಟುಂಬದ ವ್ಯಾಜ್ಯದಲ್ಲಿ ಸ್ಪಷ್ಟಪಡಿಸಿದ ತತ್ತ್ವ. ಸ್ವತ್ತು ದೇವರದು, ನೋಡಿಕೊಳ್ಳುವುದಷ್ಟೇ ಮನುಷ್ಯರ ಪಾಲು. ನಮ್ಮ ಮುಜರಾಯಿ ದೇವಸ್ಥಾನಗಳಲ್ಲಿ ಆ ನೋಡಿಕೊಳ್ಳುವ ವ್ಯವಸ್ಥಾಪನಾ ಸಮಿತಿಯ ಅವಧಿ ಮೂರು ವರ್ಷ. ದೇವರ ಒಡವೆಯ ಪಟ್ಟಿಯನ್ನು ಹೊಸ ಸಮಿತಿಗೆ ಒಪ್ಪಿಸುವಾಗ ಬೆಳ್ಳಿಯ ಪಂಚಪಾತ್ರೆಯನ್ನೂ ತೂಗಿ ಬರೆದುಕೊಳ್ಳುತ್ತಾರೆ. ದೇವರ ಹೆಸರಿನಲ್ಲಿಯೇ ಇರುವ ಡೊಮೇನು ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಅದು ಯಾರದೆಂದು ಕೇಳಿದರೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರ ಹುಡುಗನೊಬ್ಬ ಭಕ್ತಿಯಿಂದ ಮಾಡಿಕೊಟ್ಟದ್ದು, ಅವನೇ ನೋಡಿಕೊಳ್ಳುತ್ತಾನೆ ಎಂಬ ಉತ್ತರ ಬರುತ್ತದೆ.

ಆ ಹುಡುಗನ ಭಕ್ತಿಯಲ್ಲಿ ದೋಷವಿಲ್ಲ. ದೋಷವಿರುವುದು ಅವನು ತುಂಬಿದ ಅರ್ಜಿಯಲ್ಲಿ. ರಿಜಿಸ್ಟ್ರಾರಿನ ಪುಟದಲ್ಲಿ ಪಡೆಯುವವರ ಹೆಸರು, ಸಂಸ್ಥೆಯ ಹೆಸರು, ವಿಳಾಸ, ಇಮೇಲ್, ಫೋನ್ ಎಂದು ಕೆಲವು ಚೌಕಗಳಿರುತ್ತವೆ. ಅವಸರದಲ್ಲಿ ಅವನು ಹೆಸರಿನ ಚೌಕದಲ್ಲಿ ತನ್ನ ಹೆಸರನ್ನು ಬರೆದು, ಸಂಸ್ಥೆಯ ಚೌಕವನ್ನು ಖಾಲಿ ಬಿಟ್ಟು, ಇಮೇಲಿನ ಚೌಕದಲ್ಲಿ ತನ್ನ ಸ್ವಂತ ಜಿಮೇಲನ್ನು ಕೊಟ್ಟಿದ್ದಾನೆ. ಹಣವನ್ನೂ ತನ್ನ ಕಾರ್ಡಿನಿಂದಲೇ ಕಟ್ಟಿದ್ದಾನೆ. ದಫ್ತರದ ಲೆಕ್ಕದಲ್ಲಿ ಆ ಕ್ಷಣದಿಂದ ದೇವರ ಹೆಸರಿಗೆ ಅವನೊಬ್ಬನೇ ಅಧಿಕಾರಿ. ಅವನು ಅಮೆರಿಕಕ್ಕೆ ಹೋಗಲಿ, ಸಮಿತಿಯೊಡನೆ ಮುನಿಸಿಕೊಳ್ಳಲಿ, ಕಾರ್ಡಿನ ಅವಧಿ ಮುಗಿಯಲಿ, ಓಟಿಪಿ ಬರುವ ಮೊಬೈಲ್ ನಂಬರನ್ನೇ ಬದಲಾಯಿಸಲಿ, ಸಮಿತಿಯ ಅಧ್ಯಕ್ಷರು ಠರಾವು ಹಿಡಿದುಕೊಂಡು ಹೋದರೂ ರಿಜಿಸ್ಟ್ರಾರಿನವರು ತಮ್ಮ ಪುಸ್ತಕದಲ್ಲಿರುವ ಇಮೇಲನ್ನೇ ನಂಬತಕ್ಕವರು. ಮಾಡಬೇಕಾದುದು ಬಹಳವೇನೂ ಅಲ್ಲ. ಸಂಸ್ಥೆಯ ಚೌಕದಲ್ಲಿ ದೇವಸ್ಥಾನದ ನೋಂದಾಯಿತ ಹೆಸರಿರಲಿ. ಇಮೇಲು ಕಾರ್ಯದರ್ಶಿ ಎಂಬ ಪದವಿಗೆ ಸೇರಿದ್ದಾಗಿರಲಿ, ಅದು ಅದೇ ಡೊಮೇನಿನ ಇಮೇಲಾಗದಿರಲಿ, ಏಕೆಂದರೆ ಡೊಮೇನು ನಿಂತ ದಿನ ಅದರ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರ ಬಂದು ಸೇರುವುದಕ್ಕೆ ಸ್ಥಳವಿರುವುದಿಲ್ಲ. ಪಾಸ್‌ವರ್ಡ್ ಇಬ್ಬರಲ್ಲಿರಲಿ. ರಿಜಿಸ್ಟ್ರಾರ್ ಲಾಕ್ ಎಂಬ ಕೀಲವನ್ನು ಹಾಕಿಡಲಿ. ಹೆಸರನ್ನು ಬೇರೆಡೆಗೆ ಒಯ್ಯುವುದಕ್ಕೆ ಬೇಕಾದ ಗುಪ್ತಸಂಕೇತವನ್ನು ವಾಟ್ಸಾಪಿನ ಗುಂಪಿನಲ್ಲಿ ಹಾಕದಿರಲಿ. ಅವಧಿ ಮುಗಿಯುವ ತಾರೀಖನ್ನು ನಡವಳಿಯ ಪುಸ್ತಕದಲ್ಲಿ ಬರೆಯಲಿ.

ಇದು ಶಂಕೆಯ ಅತಿರೇಕವೆಂದು ತೋರಿದವರು 2022ರ ಒಂದು ಪ್ರಕರಣವನ್ನು ನೆನೆಯಬಹುದು. ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ಕೆಲವು ಅರ್ಚಕರೇ ಬೇರೆ ಬೇರೆ ವೆಬ್‌ಸೈಟುಗಳನ್ನು ತೆರೆದು ಭಕ್ತರ ಕಾಣಿಕೆಯನ್ನು ತಮ್ಮ ಖಾತೆಗಳಿಗೆ ಹರಿಸಿಕೊಂಡರೆಂಬ ಆರೋಪದ ಮೇಲೆ ಆಗ ಪೊಲೀಸರಲ್ಲಿ ದೂರು ದಾಖಲಾಯಿತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಸ್ಥಾನವು ನೋಡತಕ್ಕದ್ದು. ನಮ್ಮ ವಿಚಾರಕ್ಕೆ ಬೇಕಾದುದು ಇಷ್ಟೇ: ದೂರದ ಪುಣೆಯಲ್ಲಿ ಕುಳಿತು ಪಾದುಕಾಪೂಜೆಗೆ ಹಣ ಕಳುಹಿಸುವ ಭಕ್ತನಿಗೆ ಕ್ಷೇತ್ರವೆಂದರೆ ತೆರೆಯ ಮೇಲಿನ ಆ ಹೆಸರೇ, ಗರ್ಭಗುಡಿಯ ಬಾಗಿಲನ್ನು ಕಾಯುವವರು ಆ ಬಾಗಿಲನ್ನೂ ಕಾಯಬೇಕಾಗುತ್ತದೆ.

ಗಡುವಿನ ವಿಷಯದಲ್ಲಿ ನಿಯಮವು ಜನರು ಭಾವಿಸಿರುವಷ್ಟು ನಿರ್ದಯವಲ್ಲ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಒಮ್ಮೆ, ಮುಗಿದ ಐದು ದಿನಗಳೊಳಗೆ ಇನ್ನೊಮ್ಮೆ ರಿಜಿಸ್ಟ್ರಾರನು ತಿಳಿಸಲೇಬೇಕು. ಡಾಟ್ ಕಾಮ್ ಮೊದಲಾದ ಹೆಸರುಗಳಲ್ಲಿ ಆ ಬಳಿಕವೂ ರಿಜಿಸ್ಟ್ರಾರನ ವಿವೇಚನೆಗೆ ಸೇರಿದಂತೆ 45 ದಿನಗಳವರೆಗೆ ಸಡಿಲಿಕೆಯುಂಟು. ಅದೂ ಕಳೆದರೆ 30 ದಿನಗಳ ಒಂದು ಕಾಲವಿದೆ, ಆಗ ಹೆಚ್ಚಿನ ದಂಡವನ್ನು ತೆತ್ತು ಬಿಡಿಸಿಕೊಳ್ಳಬಹುದು. ಕೊನೆಯ ಐದು ದಿನಗಳಲ್ಲಿ ಮಾತ್ರ ಯಾರೇನೂ ಮಾಡುವಂತಿಲ್ಲ, ಅವು ಕಳೆದೊಡನೆ ಹೆಸರು ಕೇಳಿದವರ ಪಾಲು. ಆದರೂ ಸಡಿಲಿಕೆಯನ್ನು ನೆಚ್ಚತಕ್ಕದ್ದಲ್ಲ. ಬೇಡಿಕೆಯಿರುವ ಹೆಸರಾದರೆ ಮೊದಲ ಅವಧಿಯಲ್ಲಿಯೇ ಅದನ್ನು ಹರಾಜಿಗಿಡುವ ರಿಜಿಸ್ಟ್ರಾರುಗಳುಂಟು. ಮರೆವು ಬಡಸಂಸ್ಥೆಗಳಿಗೆ ಮಾತ್ರ ಬರುವ ರೋಗವೆಂದೂ ತಿಳಿಯಬಾರದು. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ತನ್ನ ಹೆಸರಿನ ಶುಲ್ಕವನ್ನು ಕಟ್ಟುವುದನ್ನು ಮರೆತುದರಿಂದ, ಹಾಟ್‌ಮೇಲನ್ನು ಬಳಸುತ್ತಿದ್ದ ಅಸಂಖ್ಯಾತರು ಒಳಹೋಗಲಾರದೆ ನಿಂತರು. ಅಮೆರಿಕದ ಒಬ್ಬ ಪ್ರೋಗ್ರಾಮರನು ಕ್ರಿಸ್‌ಮಸ್ಸಿನ ಹೊತ್ತಿನಲ್ಲಿ ತನ್ನ ಕಿಸೆಯಿಂದ 35 ಡಾಲರ್ ಕಟ್ಟಿ ಅದನ್ನು ಸರಿಪಡಿಸಿದನು. 2015ರ ಸೆಪ್ಟೆಂಬರಿನಲ್ಲಿ ಗೂಗಲ್ ಡಾಟ್ ಕಾಮ್ ಎಂಬ ಹೆಸರೇ ಮಾರಾಟದ ಪಟ್ಟಿಯಲ್ಲಿ ಕಾಣಿಸಿಕೊಳ್ಳಲು, ಕಚ್ಛದ ಮಾಂಡವಿಯ ಮೂಲದ ಒಬ್ಬ ವಿದ್ಯಾರ್ಥಿಯು 12 ಡಾಲರ್ ಕೊಟ್ಟು ಪಡೆದನು. ಒಂದು ನಿಮಿಷದೊಳಗೆ ಅದು ರದ್ದಾಯಿತು. ಸಂಸ್ಥೆಯು ಅವನಿಗೆ 6006.13 ಡಾಲರ್ ಕೊಡಬಂದಾಗ ಅವನು ಅದನ್ನು ಆರ್ಟ್ ಆಫ್ ಲಿವಿಂಗ್ ಪ್ರತಿಷ್ಠಾನದ ಬಡಮಕ್ಕಳ ಶಾಲೆಗಳಿಗೆ ಕೊಡಿರೆಂದನು. ಸಂಸ್ಥೆಯು ಮೊತ್ತವನ್ನು ಇಮ್ಮಡಿಗೊಳಿಸಿತು. ಒಂದು ನಿಮಿಷದ ಒಡೆತನವನ್ನು ಮನುಷ್ಯನೊಬ್ಬನು ಇಷ್ಟು ಹಗುರವಾಗಿ ಧರಿಸಿ ಇಷ್ಟು ಚೆನ್ನಾಗಿ ಇಳಿಸಿದ ನಿದರ್ಶನವನ್ನು ನಾನು ಬೇರೆ ಕಂಡಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಯುವುದೇ ಧರ್ಮವಾದರೆ ಬಿಡುವುದು ಯಾವಾಗ? ಸಂಘವು ಮುಚ್ಚಿತು, ಪತ್ರಿಕೆ ನಿಂತಿತು, ಹೆಸರಿಗೆ ವರ್ಷವರ್ಷವೂ ಹಣ ತೆರುವುದಕ್ಕೆ ಯಾರೂ ಇಲ್ಲ. ಆಗ ಅದನ್ನು ಸುಮ್ಮನೆ ಬಿಟ್ಟುಬಿಡಬಹುದಲ್ಲವೆ? ಬಿಡಬಹುದು; ರಾಜ್ಯಗಳ ಹೆಸರುಗಳೇ ಬಿಟ್ಟುಹೋಗಿವೆ. ಯುಗೊಸ್ಲಾವಿಯ ಎಂಬ ದೇಶವು ಇಲ್ಲದಾದ ಮೇಲೆ ಅದರ ಡಾಟ್ ವೈಯು ಎಂಬ ಶಾಖೆಯನ್ನು ಜನರಿಗೆ ವರ್ಷಗಳ ಕಾಲಾವಕಾಶವನ್ನು ಕೊಟ್ಟು, 2010ರ ಮಾರ್ಚ್ 30ರಂದು ಬೇರುಸಹಿತ ತೆಗೆದರು. ಸೋವಿಯತ್ ಒಕ್ಕೂಟವು 1991ರಲ್ಲಿಯೇ ಮುಗಿದಿದ್ದರೂ ಡಾಟ್ ಎಸ್‌ಯು ಇನ್ನೂ ನಡೆಯುತ್ತಿದೆ. ದೇಹ ಹೋಗಿ ನಾಮವೊಂದೇ ಉಳಿದ ಆ ಸ್ಥಿತಿಗೆ ನಮ್ಮ ಶಾಸ್ತ್ರಗಳಲ್ಲಿ ಯಾವ ಹೆಸರಿದೆಯೋ ತಿಳಿದವರು ಹೇಳಲಿ.

ಆದರೆ ಬಿಡುವುದಕ್ಕೂ ವಿಧಿಯುಂಟು. ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸಿದ ಮೇಲೆ ಮಾತ್ರ ಮನಸ್ಸನ್ನು ಮೋಕ್ಷದಲ್ಲಿಡಬೇಕೆಂದು ಮನು ವಿಧಿಸಿರುವುದು ಸನ್ಯಾಸವನ್ನು ತಡೆಯುವುದಕ್ಕಲ್ಲ, ಬಿಟ್ಟುಹೋದವನ ಹಿಂದೆ ಇತರರು ಅನಾಥರಾಗದಿರಲೆಂದು. ಬಿಟ್ಟ ಡೊಮೇನನ್ನು ನಾಳೆ ಅಪರಿಚಿತನೊಬ್ಬನು ಪಡೆದರೆ, ಹಳೆಯ ಹೆಸರನ್ನು ನಂಬಿ ಬರುವವರೆಲ್ಲ ಅವನ ಬಾಗಿಲಿಗೆ ಹೋಗುತ್ತಾರೆ. ಆ ಹೆಸರಿನ ಇಮೇಲುಗಳಿಗೆ ಬರುವ ಪತ್ರಗಳು ಅವನ ಕೈ ಸೇರುತ್ತವೆ. ಬ್ಯಾಂಕಿನಲ್ಲಿಯೋ ಮತ್ತೆಲ್ಲಿಯೋ ಆ ಇಮೇಲನ್ನು ಕೊಟ್ಟಿದ್ದವರ ಪಾಸ್‌ವರ್ಡನ್ನು ಬದಲಾಯಿಸುವ ಪತ್ರವೂ ಅವನಿಗೇ ಬರುತ್ತದೆ. ಮುಚ್ಚಿದ ಶಾಲೆಯೊಂದರ ಹೆಸರಿನಲ್ಲಿ ಈಗ ಜೂಜಿನ ಜಾಹೀರಾತು ಕಾಣುತ್ತಿದ್ದರೆ ಅದು ಕಾನೂನಿಗೆ ಸರಿ. ಅಲ್ಲಿ ಓದಿದ ಮಕ್ಕಳಿಗೆ ಸರಿಯಲ್ಲ. ಆದುದರಿಂದ ಬಿಡಲು ನಿಶ್ಚಯಿಸಿದವರು ಮೊದಲು ಆ ಹೆಸರಿನ ಇಮೇಲುಗಳು ಎಲ್ಲೆಲ್ಲಿ ನಮೂದಾಗಿವೆಯೆಂದು ಹುಡುಕಿ, ಒಂದೊಂದನ್ನೂ ಬದಲಾಯಿಸಬೇಕು. ಉಳಿಸಬೇಕಾದ ಬರೆಹಗಳನ್ನು ಇಂಟರ್ನೆಟ್ ಆರ್ಕೈವಿನಂತಹ ಭಂಡಾರದಲ್ಲಿ ಸೇರಿಸಬೇಕು. ಸಂಸ್ಥೆಯು ಮುಚ್ಚಿದೆಯೆಂಬ ಒಂದೇ ಪುಟವನ್ನು ಇಟ್ಟು ಕೆಲವು ವರ್ಷ ಶುಲ್ಕವನ್ನು ಕಟ್ಟುತ್ತಿರಬೇಕು. ಎಷ್ಟು ವರ್ಷವೆಂದು ನಿಯಮವಿಲ್ಲ. ಆ ವಿಳಾಸಕ್ಕೆ ಪತ್ರ ಬರುವುದು ಪೂರ್ತಿಯಾಗಿ ನಿಂತು ಒಂದು ವರ್ಷವಾಗುವ ತನಕವಾದರೂ ಇರಲೆಂದು ನನ್ನ ಅಭಿಪ್ರಾಯ. ಹಣದ ಕಷ್ಟವಿದ್ದವರು ಹೋಸ್ಟಿಂಗನ್ನು ಮೊದಲು ನಿಲ್ಲಿಸಿ, ಹೆಸರನ್ನು ಕೊನೆಯಲ್ಲಿ ನಿಲ್ಲಿಸಬಹುದು.